ಬೇಸ್‌ಮೆಂಟ್ ಅಂಕಲ್ ಹೇಳುತ್ತಿದ್ದ ಅಣ್ಣತಮ್ಮಂದಿರ ಪಿಕ್ಚರ್

ಮೊನ್ನೆ ಆಫೀಸಿನ ಪ್ಯಾಂಟ್ರಿಯಲ್ಲಿ ಯಾರೋ ಮೈಕ್ರೋವೇವ್‌ನಲ್ಲಿ ಪಾಪ್‌ಕಾರ್ನ್ ಇಟ್ಟು ಮರೆತಿದ್ದರು. ಇಡೀ ಮಹಡಿಗೆ ಸೀದ ವಾಸನೆ ಹಬ್ಬಿತು. ಎಲ್ಲರೂ ಮೂಗು ಮುಚ್ಚಿಕೊಂಡು ಬೈದುಕೊಳ್ಳುತ್ತಿದ್ದರೆ ನಾನೊಬ್ಬಳು ಮಾತ್ರ ಕಾಫಿ ಕಪ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಈ ವಾಸನೆಗೆ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಸೇರಿದ್ದರೆ... ಬೇಸ್‌ಮೆಂಟ್ ಅಂಕಲ್ ಮನೆಯ ಶನಿವಾರದ ಮಧ್ಯಾಹ್ನವೇ ಎದುರಿಗೆ ಬಂದು ನಿಲ್ಲುತ್ತಿತ್ತು. ಪಾಪ್‌ಕಾರ್ನ್‌ಗೆ ಒಗ್ಗರಣೆ ಹಾಕುವ ಮನುಷ್ಯನನ್ನು ನಾನು ಅವರಿಗಿಂತ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಚುರುಮುರಿ ಸಿಗದ ಊರಿನಲ್ಲಿ ಇನ್ನೇನು ಮಾಡುವುದು ಎಂಬುದು ಅವರ ಸಮಜಾಯಿಷಿ.

ಅಮೆರಿಕದಲ್ಲಿ, ವಾಷಿಂಗ್ಟನ್ ಪಕ್ಕದ ಹರ್ನ್‌ಡನ್‌ನಲ್ಲಿ ನಮ್ಮ ಟೌನ್‌ಹೌಸ್ ಸಾಲಿನ ಕೊನೆಯ ಮನೆ ಅವರದು. ಮೈಸೂರಿನವರು. ಮನೆಯಲ್ಲಿ ಆಂಟಿಯ ಜೊತೆ ಉರ್ದು, ನಮ್ಮ ಜೊತೆ ಅಚ್ಚ ಮೈಸೂರು ಕನ್ನಡ. ದೇಶದೇಶಗಳಿಗೆ ಸಾಲ ಕೊಡುವ ವಾಷಿಂಗ್ಟನ್ನಿನ ಒಂದು ದೊಡ್ಡ ಕಚೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ನಿವೃತ್ತರಾದ ಮೇಲೆ ಅವರ ವಾಸವೆಲ್ಲ ಬೇಸ್‌ಮೆಂಟಿನಲ್ಲೇ. ಅಲ್ಲಿ ಒಂದು ದೊಡ್ಡ ಟಿವಿ, ಎರಡು ಹಳೆಯ ಸೋಫಾ, ಗೋಡೆಗೊರಗಿಸಿದ ಮಡಚುವ ಕುರ್ಚಿಗಳು, ಕಪಾಟಿನ ತುಂಬ ಹಳೆಯ ಹಾಲಿವುಡ್ ಸಿನಿಮಾಗಳ ಡಿವಿಡಿಗಳು. ಎಲ್ಲವೂ ಕಪ್ಪುಬಿಳುಪು, ಎಲ್ಲದರಲ್ಲೂ ಹ್ಯಾಟು ಹಾಕಿದ ಗಂಡಸರು, ಸಿಗರೇಟಿನ ಹೊಗೆ, ಒಂದು ಕೊಲೆ. ಮದುವೆಗೆ ಮುಂಚೆ ಒಬ್ಬರೇ ಇಲ್ಲಿಗೆ ಬಂದಾಗ ಬಾಡಿಗೆ ರೂಮಿನ ಮಾಲೀಕನ ಟಿವಿಯಲ್ಲಿ ಇಂಥ ಸಿನಿಮಾಗಳನ್ನು ನೋಡಿಯೇ ಇಂಗ್ಲಿಷ್ ಕಲಿತಿದ್ದಂತೆ. ನಮ್ಮ ಸಾಲಿನ ಮಕ್ಕಳು ಅವರಿಗೆ ಇಟ್ಟ ಹೆಸರು ಬೇಸ್‌ಮೆಂಟ್ ಅಂಕಲ್. ಅದು ದೊಡ್ಡವರಿಗೂ ರೂಢಿಯಾಯಿತು, ಅವರಿಗೂ ಬೇಸರವಿರಲಿಲ್ಲ.

ನನಗೆ ಅವರ ಪರಿಚಯ ಗಟ್ಟಿಯಾದದ್ದು ಅಮ್ಮನಿಂದ. ಕೊರೊನಾಕ್ಕೆ ಸ್ವಲ್ಪ ಮುಂಚೆ ಬಂದ ಅಮ್ಮ ವಿಮಾನ ನಿಂತುಹೋಗಿ ನಮ್ಮ ಮನೆಯಲ್ಲೇ ಸಿಕ್ಕಿಕೊಂಡಿದ್ದಳು. ನಾನು ಇಡೀ ದಿನ ಲ್ಯಾಪ್‌ಟಾಪ್ ಮುಂದೆ, ಅವಳು ಕಿಟಕಿ ಮುಂದೆ. ಸಂಜೆಯಾದರೆ ಇಬ್ಬರಿಗೂ ತಲೆ ಕೆಟ್ಟು ಸಾರಿನ ಉಪ್ಪಿನ ವಿಷಯಕ್ಕೆಲ್ಲ ಜಗಳ. ಲಸಿಕೆಗಳೆಲ್ಲ ಆಗಿ ಜನ ಒಬ್ಬರ ಮನೆಗೊಬ್ಬರು ಹೋಗಲು ಶುರು ಮಾಡಿದಾಗ ಅಂಕಲ್ ನಮ್ಮ ಬಾಗಿಲಿಗೇ ಬಂದು ಕರೆದರು. ಸುತ್ತಮುತ್ತಲ ಮನೆಗಳಲ್ಲಿ ಹೀಗೆ ಸಿಕ್ಕಿಕೊಂಡ ತಂದೆತಾಯಂದಿರು ಮೂರ್ನಾಲ್ಕು ಜನ ಇದ್ದರು.

"ಶನಿವಾರ ಮಧ್ಯಾಹ್ನ ಪಿಕ್ಚರ್ ಹಾಕ್ತೀನಮ್ಮಾ, ತಾಯಿಯವರನ್ನ ಕಳ್ಸು" ಎಂದರು.

"ಇಂಗ್ಲಿಷ್ ಪಿಕ್ಚರ್ ಅಲ್ವಾ ಅಂಕಲ್? ಅಮ್ಮನಿಗೆ ಅರ್ಥ ಆಗಲ್ಲ."

"ನಾನಿಲ್ವಾ ಹೇಳೋಕೆ?"

ಹೀಗೆ ಶುರುವಾಯಿತು. ಅಂಕಲ್ ಟಿವಿಯ ಸದ್ದು ತಗ್ಗಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಇಡೀ ಸಿನಿಮಾವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಗಂಡಸಿಗೂ ಹೆಂಗಸಿಗೂ ರೌಡಿಗೂ ಒಂದೇ ಧ್ವನಿ. ಮಾತುಗಳು ಮಾತ್ರ ಪೂರಾ ನಮ್ಮೂರಿನವು. ಇನ್ಸ್‌ಪೆಕ್ಟರ್ ಬಂದರೆ "ಏನಪ್ಪಾ, ಸಮಾಚಾರ?" ಅನ್ನುತ್ತಿದ್ದ. ನಾಯಕಿ ಮುನಿಸಿಕೊಂಡರೆ "ನಮ್ಮಪ್ಪನ ಮನೆಗೆ ಹೋಗ್ತೀನಿ" ಅನ್ನುತ್ತಿದ್ದಳು. ವಯಸ್ಸಾದ ಹೆಂಗಸರಿಗೆ ಮುಜುಗರವಾಗಬಾರದೆಂದು ಅಂಕಲ್ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆಗಳನ್ನೂ ಮಾಡುತ್ತಿದ್ದರು. ನಾಯಕ ನಾಯಕಿಗೆ ಮುತ್ತಿಟ್ಟರೆ "ಸಮಾಧಾನ ಮಾಡ್ತಿದಾನೆ" ಎಂದು ಹೇಳಿ ನೆಲ ನೋಡುತ್ತಿದ್ದರು. ಒಮ್ಮೆ ಅಮ್ಮ, "ಗೊತ್ತಾಗುತ್ತೆ ಬಿಡಿ ಸಾಹೇಬ್ರೆ, ನಾವೇನ್ ಕಂದಮ್ಮಗಳಾ?" ಎಂದಾಗ ಬೇಸ್‌ಮೆಂಟಿನಲ್ಲಿ ಎದ್ದ ನಗು ಮೇಲಿನ ಅಡುಗೆಮನೆಯವರೆಗೂ ಕೇಳಿಸಿತ್ತಂತೆ.

ಅಮ್ಮನನ್ನು ಬಿಟ್ಟು ಬಂದರೆ ನನಗೆ ಎರಡು ಗಂಟೆ ಬಿಡುವು. ಆದ್ದರಿಂದ ಮೊದಲಿಗೆಲ್ಲ ನಾನು ಅಲ್ಲಿ ಕೂರುತ್ತಿರಲಿಲ್ಲ. ಒಂದು ಶನಿವಾರ ಮಾತ್ರ ಆಂಟಿ ಚಹಾ ಕೊಟ್ಟು ಕೂರಿಸಿಕೊಂಡರು. ಅವತ್ತು ಹಾಕಿದ್ದೇ ಅಣ್ಣತಮ್ಮಂದಿರ ಪಿಕ್ಚರ್. ಅದರ ನಿಜವಾದ ಹೆಸರನ್ನು ನಮ್ಮಲ್ಲಿ ಯಾರೂ ಬಳಸುತ್ತಿರಲಿಲ್ಲ. ಬಂದರಿನ ಊರು. ಅಣ್ಣ ಒಂದು ಗೋದಾಮಿನಲ್ಲಿ ಗುಮಾಸ್ತ, ಮರ್ಯಾದಸ್ಥ. ತಮ್ಮ ತಲೆನೋವು: ಸುಳ್ಳು, ಜೂಜು, ಕೆಟ್ಟ ಸಹವಾಸ. ಕೊನೆಗೆ ಒಂದು ದರೋಡೆಯಲ್ಲಿ ಒಬ್ಬ ಕಾವಲುಗಾರನಿಗೆ ಗುಂಡು ತಗಲುತ್ತದೆ. ತಮ್ಮನೂ ಪೆಟ್ಟು ಮಾಡಿಕೊಂಡು ಓಡಿಬಂದು ಅಣ್ಣನ ಕೋಣೆ ಸೇರುತ್ತಾನೆ. ಅಣ್ಣ ಅವನ ಗಾಯ ತೊಳೆದು, ಬ್ರೆಡ್ಡು ಕೊಟ್ಟು ಕೂರಿಸುತ್ತಾನೆ. ತಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕಿಟಕಿ ತೆರೆದಿದೆ, ಪರದೆ ಅಲ್ಲಾಡುತ್ತಿದೆ. ಅಣ್ಣ ತುಂಬ ಹೊತ್ತು ಅವನನ್ನೇ ನೋಡುತ್ತ ನಿಂತು, ಆಮೇಲೆ ಫೋನ್ ಎತ್ತುತ್ತಾನೆ.

"ಅವರ ತಾಯಿಗೆ ಫೋನ್ ಮಾಡ್ತಿದಾನೆ" ಎಂದರು ಅಂಕಲ್. "ತಮ್ಮ ಬಂದಿದಾನೆ, ಕ್ಷೇಮವಾಗಿದಾನೆ, ಯೋಚನೆ ಮಾಡ್ಬೇಡಿ ಅಂತಿದಾನೆ."

ತಗ್ಗಿಸಿದ ಸದ್ದಿನಲ್ಲೂ ನನಗೆ ಇಂಗ್ಲಿಷ್ ಕೇಳಿಸುತ್ತಿತ್ತು. ಅವನು ಪೊಲೀಸರಿಗೆ ತನ್ನ ಮನೆಯ ವಿಳಾಸ ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಪೊಲೀಸರು ಬಂದರು. ಅಮ್ಮ ಬಿಡುವವಳಲ್ಲ, "ಇವರಿಗೆ ಯಾರು ಹೇಳಿದ್ದು?" ಎಂದಳು.

"ಪಕ್ಕದ ಮನೆಯವರು."

"ಥೂ, ಅವರಿಗ್ಯಾಕೆ ಬೇಕಿತ್ತು ಊರ ಉಸಾಬರಿ?" ಎಂದು ಅಮ್ಮ ಆ ಕಾಣದ ನೆರೆಯವರನ್ನು ಮನೆ ತಲುಪುವವರೆಗೂ ಬೈದಳು. ಅಣ್ಣನ ಮೇಲೆ ಅವಳಿಗೆ ಬಹಳ ಗೌರವ ಹುಟ್ಟಿತ್ತು.

ಮುತ್ತನ್ನು ಸಮಾಧಾನವೆಂದು ಹೇಳಿದಂಥದ್ದೇ ಇದೂ ಒಂದು ಬದಲಾವಣೆ ಎಂದುಕೊಂಡೆ ನಾನು. ಮುಂದಿನ ವಾರ ಪ್ಲೇಟುಗಳನ್ನು ಮೇಲೆ ಅಡುಗೆಮನೆಗೆ ಒಯ್ದಾಗ, "ಅಂಕಲ್, ನಿಮ್ಮ ಡಬ್ಬಿಂಗ್ ರಾಂಗ್ ಆಯ್ತು ಅವತ್ತು, ಫೋನ್ ಸೀನ್‌ನಲ್ಲಿ" ಎಂದು ಛೇಡಿಸಿದೆ. ಅವರು ನಗಲಿಲ್ಲ. "ಗೊತ್ತಮ್ಮಾ" ಎಂದಷ್ಟೇ ಹೇಳಿ ಕೆಳಗೆ ಹೋದರು. ಆಂಟಿ ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದರು. ಅವತ್ತು ಅವರು ಹೇಳಿದ್ದನ್ನು ಯಾರಿಗೂ ಹೇಳಬೇಡ ಎಂದಿದ್ದರು, ಅಮ್ಮನಿಗೂ. ಈಗ ಬರೆಯುವುದಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅಂಕಲ್‌ಗೆ ಒಬ್ಬ ತಮ್ಮ. ಹುಡುಗನಾಗಿದ್ದಾಗಿನಿಂದಲೂ ಕಿತಾಪತಿ. ಸರಿಹೋಗಲಿ ಎಂದು ಇವರೇ ಅಮೆರಿಕಕ್ಕೆ ಕರೆಸಿಕೊಂಡು ಇದೇ ಮನೆಯಲ್ಲಿ ಇಟ್ಟುಕೊಂಡಿದ್ದರು. ಎಷ್ಟೋ ವರ್ಷಗಳ ಹಿಂದೆ ಒಂದು ಸಂಜೆ ಅವನು ಅಣ್ಣನ ಕಾರು ತೆಗೆದುಕೊಂಡು ಹೋಗಿ ರಸ್ತೆ ದಾಟುತ್ತಿದ್ದವನೊಬ್ಬನಿಗೆ ಗುದ್ದಿ, ನಿಲ್ಲಿಸದೆ ಬಂದುಬಿಟ್ಟ. ಬಂದವನೇ ಅಣ್ಣನ ಕೈ ಹಿಡಿದುಕೊಂಡ. ಕಾರು ನಿನ್ನ ಹೆಸರಿನಲ್ಲಿದೆ, ನೀನು ಇಲ್ಲಿಯ ಸಿಟಿಜನ್, ನೀನೇ ಓಡಿಸುತ್ತಿದ್ದೆ ಅಂತ ಹೇಳು, ನನ್ನನ್ನಾದರೆ ವಾಪಸ್ ಕಳಿಸಿಬಿಡುತ್ತಾರೆ ಎಂದು ಅತ್ತ. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನೀರು ಕೊಟ್ಟು, ಸೋಫಾ ಮೇಲೆ ಮಲಗು ಎಂದರು. ಅವನು ಕಣ್ಣು ಮುಚ್ಚಿದ ಮೇಲೆ ಅಲ್ಲೇ ಗೋಡೆಯ ಫೋನ್ ಎತ್ತಿ ಪೊಲೀಸರಿಗೆ ಹೇಳಿದರು. ಪೆಟ್ಟು ತಿಂದವನು ಕಾಲು ಮುರಿದುಕೊಂಡರೂ ಬದುಕಿದ. ತಮ್ಮ ಜೈಲಿಗೆ ಹೋಗಿ ಬಂದ, ದೇಶ ಬಿಡುವುದು ಹೇಗೋ ತಪ್ಪಿತು. ಅಲ್ಲಿಂದ ಜಾರ್ಜಿಯಾಕ್ಕೆ ಹೋಗಿ ಲಾರೆನ್ಸ್‌ವಿಲ್‌ನಲ್ಲಿ ನೆಲೆಯಾಗಿ, ಮದುವೆ ಮಾಡಿಕೊಂಡು, ಮನುಷ್ಯನೂ ಆದ. ಆದರೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

"ಪೊಲೀಸಿಗೆ ಹೇಳಿದ್ದು ತಪ್ಪು ಅಂತ ಇವರಿಗೆ ಇವತ್ತಿಗೂ ಅನ್ಸಿಲ್ಲ ಬೇಟಾ" ಎಂದರು ಆಂಟಿ. "ನಂಬಿ ಮಲಗಿದ್ದವನ ತಲೆ ಹತ್ರ ನಿಂತು ಫೋನ್ ಮಾಡಿದೆ ಅಂತಾರೆ. ಅದೊಂದು ಇವರನ್ನ ತಿಂತಾ ಇದೆ."

ಆಮೇಲೂ ಅಂಕಲ್ ಆ ಸಿನಿಮಾವನ್ನು ಮತ್ತೆಮತ್ತೆ ಹಾಕುತ್ತಿದ್ದರು. ಯಾಕೆ ಎಂದು ನನಗೆ ಈಗ ಅರ್ಥವಾಗುತ್ತಿತ್ತು. ಇಂಗ್ಲಿಷ್ ಬಾರದ ನಾಲ್ಕು ಜನ ಮುದುಕರ ಮುಂದಾದರೂ ಆ ಅಣ್ಣ ತಾಯಿಗೇ ಫೋನ್ ಮಾಡಲಿ ಎಂದು ಅವರಿಗೆ ಅನ್ನಿಸುತ್ತಿತ್ತೇನೋ... ನನಗೆ ಪಾಪ ಅನ್ನಿಸಿತು. ಜೊತೆಗೆ ಸ್ವಲ್ಪ ಸಿಟ್ಟೂ ಬಂತು. ಇಷ್ಟು ವರ್ಷ ಬೇಕಾ? ಹತ್ತು ಗಂಟೆ ಡ್ರೈವ್ ಮಾಡಿದರೆ ಸಿಗುವ ತಮ್ಮ.

ಚಳಿಗಾಲ ಬರುವ ಹೊತ್ತಿಗೆ ಅಂಕಲ್‌ಗೆ ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಆಪರೇಷನ್ ಆಗಲೇಬೇಕೆಂದರು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ, ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ತಮ್ಮನಿಗೆ ಒಂದು ಫೋನ್ ಮಾಡಿ ಎಂದು ಆಂಟಿ ಗೋಗರೆದರು. "ಅವತ್ತು ಒಂದು ಫೋನ್ ಮಾಡಿದೆನಲ್ಲಾ, ಅದೇ ಸಾಕು" ಎಂದರಂತೆ. ಮುಖ ನೋಡದೆ ಹೋಗಿಬಿಟ್ಟರೆ ಎಂಬ ಹೆದರಿಕೆ ಅವರಿಗೂ ಇತ್ತು, ಆದರೆ ಫೋನ್ ಮುಟ್ಟಲು ಕೈ ಬರುತ್ತಿರಲಿಲ್ಲ. ಕೊನೆಗೆ ಆಂಟಿಯೇ ಗಂಡನಿಗೆ ತಿಳಿಯದಂತೆ ಲಾರೆನ್ಸ್‌ವಿಲ್‌ಗೆ ಫೋನ್ ಮಾಡಿದರು.

ಆಪರೇಷನ್ನಿಗೆ ಮುಂಚಿನ ಶನಿವಾರ ನಾನು ಅಮ್ಮನನ್ನು ಕರೆದುಕೊಂಡು ಹೋದಾಗ ಅವರ ಮನೆ ಮುಂದೆ ಜಾರ್ಜಿಯಾ ನಂಬರ್ ಪ್ಲೇಟಿನ ಒಂದು ಕಾರು ನಿಂತಿತ್ತು. ಕೆಳಗೆ ಹೋದರೆ ಎಲ್ಲರೂ ಆಗಲೇ ಕೂತಿದ್ದಾರೆ. ಮೆಟ್ಟಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಒಬ್ಬರು ಕೋಟು ಕೂಡ ಬಿಚ್ಚದೆ, ಕಾರಿನ ಕೀ ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಅಂಕಲ್ ಮೂಗೇ ಮೂಗು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿತಾಪತಿಯ ತಮ್ಮ ಎಂದರೆ ನನ್ನ ಮನಸ್ಸಿನಲ್ಲಿ ಸಿನಿಮಾದ ಹುಡುಗನೇ ಇದ್ದನಲ್ಲ, ಇಷ್ಟು ವಯಸ್ಸಾದವರನ್ನು ನಾನು ಎಣಿಸಿರಲಿಲ್ಲ. ಆಗಷ್ಟೇ ಬಂದಿದ್ದರಂತೆ. ಸಲಾಂ ಅಷ್ಟೇ ಆಗಿತ್ತು. ಅಂಕಲ್ ಟಿವಿ ಪಕ್ಕದ ಎಂದಿನ ಕುರ್ಚಿಯಲ್ಲಿ ಕೂತು ಸುಮ್ಮನೆ ಡಿವಿಡಿ ಡಬ್ಬಗಳನ್ನು ಜೋಡಿಸುತ್ತಿದ್ದರು.

"ನನ್ನ ತಮ್ಮ" ಎಂದು ಅಮ್ಮನಿಗೆ ಪರಿಚಯಿಸಿದರು, ತಲೆ ಎತ್ತದೆ.

ಅಮ್ಮನಿಗೆ ಖುಷಿಯೋ ಖುಷಿ. "ಅಯ್ಯೋ, ಹಂಗಾದ್ರೆ ಇವತ್ತು ಅಣ್ಣತಮ್ಮಂದಿರ ಪಿಕ್ಚರೇ ಹಾಕಿ ಸಾಹೇಬ್ರೆ! ಇಬ್ರೂ ಒಟ್ಟಿಗಿದೀರ."

"ಬೇರೆ ನೋಡೋಣಮ್ಮ" ಎಂದೆ ನಾನು ಗಾಬರಿಯಿಂದ.

"ನೀನ್ ಸುಮ್ನಿರೇ. ಎಂಥಾ ಅಣ್ಣ ಅವನು! ಇವರೂ ನೋಡ್ಲಿ."

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅಂಕಲ್ ಬೇಡವೆನ್ನಬಹುದಿತ್ತು, ಡಿವಿಡಿ ಕೆಟ್ಟಿದೆ ಅನ್ನಬಹುದಿತ್ತು. ಅವರು ಒಂದು ಗಳಿಗೆ ಅಮ್ಮನನ್ನು ನೋಡಿದರು, ಆಮೇಲೆ ಮೆಟ್ಟಿಲ ಕಡೆ ನೋಡಿದರು. ಎದ್ದು ಅದೇ ಡಿಸ್ಕನ್ನು ತೆಗೆದು ಹಾಕಿದರು.

ಅವತ್ತು ಅವರ ಧ್ವನಿ ಸಣ್ಣಗಿತ್ತು, ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ಪಾಪ್‌ಕಾರ್ನ್ ಬಟ್ಟಲು ಕೈಯಿಂದ ಕೈಗೆ ಹೋಯಿತು, ಮೆಟ್ಟಿಲ ಬಳಿ ಕೂತವರು ಒಂದು ಮುಷ್ಟಿ ತೆಗೆದುಕೊಂಡು ಹಾಗೇ ಹಿಡಿದುಕೊಂಡಿದ್ದರು. ತೆರೆಯ ಮೇಲೆ ತಮ್ಮ ಸುಳ್ಳು ಹೇಳಿದ, ಕದ್ದ, ಓಡಿದ, ಅಣ್ಣನ ಕೋಣೆಗೆ ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿದ. ಅಣ್ಣ ಫೋನ್ ಎತ್ತಿದ.

"ಅವರ ತಾಯಿಗೆ..." ಎಂದು ಶುರು ಮಾಡಿದ ಅಂಕಲ್ ನಿಲ್ಲಿಸಿದರು. ಟಿವಿಯಲ್ಲಿ ಆ ಮನುಷ್ಯ ವಿಳಾಸ ಹೇಳುತ್ತಲೇ ಇದ್ದ. "ಅಲ್ಲ. ಪೊಲೀಸರಿಗೆ ಮಾಡ್ತಿದಾನೆ. ಅಣ್ಣನೇ ಮಾಡಿದ್ದು. ಪಕ್ಕದ ಮನೆಯವರು ಯಾರೂ ಇಲ್ಲ. ನಿಮಗೆಲ್ಲಾ ನಾನು ಸುಳ್ಳು ಹೇಳಿದ್ದೆ."

ಅಮ್ಮನಿಗೆ ಮೋಸಹೋದ ಹಾಗಾಗಿತ್ತು. "ಇದೇನ್ ಸಾಹೇಬ್ರೆ," ಎಂದಳು ನೊಂದುಕೊಂಡು, "ನಿದ್ದೆ ಮಾಡ್ತಿರೋ ತಮ್ಮನ್ನ ಹಿಡಿಸಿಕೊಡೋದಾ?"

ಆಗ ಹಿಂದಿನಿಂದ ಮಾತು ಬಂತು. ಇಷ್ಟು ವರ್ಷ ಜಾರ್ಜಿಯಾದಲ್ಲಿದ್ದರೂ ಅಣ್ಣನಂಥದ್ದೇ ಮೈಸೂರು ಕನ್ನಡ.

"ಅವನು ನಿದ್ದೆ ಮಾಡ್ತಿಲ್ಲಮ್ಮಾ. ಕಣ್ ಮುಚ್ಕೊಂಡಿದಾನೆ ಅಷ್ಟೆ. ಅಣ್ಣ ಫೋನ್ ಮಾಡ್ತಿರೋದು ಅವನಿಗೆ ಕೇಳಿಸ್ತಿದೆ."

ಅಮ್ಮ ತಿರುಗಿ ನೋಡಿದಳು. "ಕೇಳಿಸಿದ್ರೆ ಓಡಿಹೋಗ್ತಿರ್ಲಿಲ್ವಾ?"

"ಓಡಬಹುದಾಗಿತ್ತು. ಕಿಟಕಿ ತೆಗ್ದೇ ಇದೆ, ನೋಡಿ. ಓಡಿ ಓಡಿ ಅವನಿಗೂ ಸಾಕಾಗಿತ್ತು. ಅಣ್ಣ ಮಾಡ್ಲಿ ಅಂತ್ಲೇ ಸುಮ್ನಿದ್ದ."

ಅಮ್ಮ ಮತ್ತೆ ತೆರೆಯ ಕಡೆ ತಿರುಗಿ ಆ ಮುಚ್ಚಿದ ಕಣ್ಣುಗಳನ್ನು ನೋಡಿದಳು. "ಹೌದೇನೋ" ಎಂದಳು.

ಪೊಲೀಸರು ಬಂದರು. ತಮ್ಮನನ್ನು ಅಲ್ಲಾಡಿಸಿ ಎಬ್ಬಿಸಿದರು. ಬೇಡಿ ಹಾಕಿದರು. ಅಣ್ಣ ಗೂಟದಿಂದ ತನ್ನ ಕೋಟು ತಂದು ಅವನ ಹೆಗಲಿಗೆ ಹೊದಿಸಿದ. ತಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಿದ. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನಗೆ ಪ್ರತಿ ಪದವೂ ಕೇಳಿಸಿತು. "ನಾನು ನಿದ್ದೆ ಹೋಗಿದ್ದೆ," ಅನ್ನುತ್ತಿದ್ದ ಅವನು ಇಂಗ್ಲಿಷಿನಲ್ಲಿ, "ನಿನ್ನ ಮನೆ ಅಂತ ನಂಬಿ ನಿದ್ದೆ ಹೋಗಿದ್ದೆ."

"ಏನಂದ?" ಎಂದಳು ಅಮ್ಮ.

ಅಂಕಲ್ ಹೇಳುವುದಕ್ಕೆ ಮುಂಚೆಯೇ ಹಿಂದಿನಿಂದ ತಮ್ಮ ಹೇಳಿದರು: "ಹೊರಗೆ ಚಳಿ, ಕೋಟು ಕೊಟ್ಟಿದ್ದು ಒಳ್ಳೇದಾಯ್ತು ಅಂದ."

ಆಂಟಿ ಮೇಲೆ ಅಡುಗೆಮನೆಯಲ್ಲಿದ್ದರು; ಆ ಬೇಸ್‌ಮೆಂಟಿನಲ್ಲಿ ಇಂಗ್ಲಿಷ್ ಬರುತ್ತಿದ್ದವರು ನಾವು ಮೂವರೇ. ಮೂವರಿಗೂ ಅವನು ಅಂದದ್ದು ಕೇಳಿಸಿತ್ತು. ಅಂಕಲ್‌ಗಂತೂ ಆ ಸಿನಿಮಾದ ಒಂದೊಂದು ಮಾತೂ ಬಾಯಿಪಾಠ. ಅವರು ನಿಧಾನವಾಗಿ ತಲೆ ಆಡಿಸಿದರು. "ಹೌದು," ಎಂದರು ಅಮ್ಮನಿಗೆ, "ಹಾಗೇ ಅಂದ."

ಸಿನಿಮಾ ಮುಗಿದ ಮೇಲೆ ಮಿಕ್ಕವರೆಲ್ಲ ಮೇಲೆ ಹೊರಟರು. ನಾನು ಬಟ್ಟಲು ಎತ್ತಿಕೊಳ್ಳಲು ಹಿಂದೆ ಉಳಿದಿದ್ದೆ. ಅಂಕಲ್ ಕುರ್ಚಿ ಹಿಡಿದು ಎದ್ದು, ಮೆಟ್ಟಿಲವರೆಗೆ ಬಂದು, ತಮ್ಮನ ಎದುರು ನಿಂತು ಉರ್ದುವಿನಲ್ಲಿ ಮಾತಾಡಿದರು. ಅಷ್ಟು ಉರ್ದು ನನಗೂ ಅರ್ಥವಾಗುತ್ತದೆ. ಕೋಟು ತೆಗಿ, ಊಟಕ್ಕೆ ಬಾ ಎಂದರು. ತಮ್ಮ ಎದ್ದು ಕೋಟು ತೆಗೆದು ಅಣ್ಣನ ಕೈಗೆ ಕೊಟ್ಟರು. ನಾನು ಬಟ್ಟಲನ್ನು ಅಲ್ಲೇ ಬಿಟ್ಟು ಮೇಲೆ ಹೋದೆ.

ಎಷ್ಟೋ ವರ್ಷದ ಹಿಂದಿನ ಆ ಸಂಜೆ ಇದೇ ಮನೆಯ ಸೋಫಾ ಮೇಲೆ ತಮ್ಮ ನಿಜವಾಗಿಯೂ ಎಚ್ಚರವಿದ್ದರೋ, ಇಲ್ಲ ಅಣ್ಣನ ಹಾಗೆ ಅವರೂ ಕಥೆ ಬದಲಾಯಿಸಿ ಹೇಳಿದರೋ ನನಗೆ ಗೊತ್ತಿಲ್ಲ. ಆಂಟಿಗೂ ಗೊತ್ತಿಲ್ಲ. ಅಂಕಲ್ ಕೇಳಲಿಲ್ಲವಂತೆ. ಕೇಳದೆ ಇದ್ದದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ.

ಆಪರೇಷನ್ ಆಯಿತು. ಅಂಕಲ್ ಚೇತರಿಸಿಕೊಂಡರು ಕೂಡ. ತಮ್ಮ ಅವರನ್ನು ಕೈ ಹಿಡಿದು ನಮ್ಮ ಸಾಲಿನ ಮುಂದೆ ವಾಕಿಂಗ್ ಮಾಡಿಸುತ್ತಿದ್ದದ್ದನ್ನು ನಾನು ಮೀಟಿಂಗಿನ ನಡುವೆ ಕಿಟಕಿಯಿಂದ ನೋಡುತ್ತಿದ್ದೆ. ಇಬ್ಬರೂ ಯಾವುದೋ ವಿಷಯಕ್ಕೆ ಜೋರಾಗಿ ವಾದ ಮಾಡಿಕೊಂಡೇ ನಡೆಯುತ್ತಿದ್ದರು. ಆಮೇಲೂ ಆಗಾಗ ಜಾರ್ಜಿಯಾ ಕಾರು ಬರುತ್ತಿತ್ತು. ಅಮ್ಮ ಮೈಸೂರಿಗೆ ವಾಪಸ್ ಹೋದಳು. ಅಂಕಲ್ ಹೋದ ವರ್ಷ ತೀರಿಕೊಂಡರು, ಆಸ್ಪತ್ರೆಯಲ್ಲಿ ಅಲ್ಲ, ಬೇಸ್‌ಮೆಂಟಿನ ಸೋಫಾ ಮೇಲೆ, ಮಧ್ಯಾಹ್ನದ ನಿದ್ದೆಯಲ್ಲಿ. ದಫನ್ನಿನ ದಿನ ನಾನೂ ಆಂಟಿಯೂ ದೂರದಲ್ಲಿ ನಿಂತಿದ್ದೆವು. ಮಣ್ಣು ಹಾಕಿ ಬಂದ ತಮ್ಮನ ಕೋಟಿನ ತೋಳೆಲ್ಲ ಕೆಂಪಾಗಿತ್ತು.

ಆಂಟಿ ಮನೆ ಮಾರಿ ಮೈದುನನ ಮನೆಯ ಹತ್ತಿರವೇ ಲಾರೆನ್ಸ್‌ವಿಲ್‌ಗೆ ಹೋದರು. ಹೋಗುವಾಗ ಆ ಡಿವಿಡಿಯನ್ನು ನನಗೆ ಕೊಟ್ಟರು. ಕೊನೆಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ ಓಡುವ ಸದ್ದು ಕೇಳಿಸುತ್ತದೆ.

ಪ್ಯಾಂಟ್ರಿಯ ವಾಸನೆ ಎರಡು ದಿನವಾದರೂ ತಲೆಯಿಂದ ಹೋಗಲಿಲ್ಲ. ಈ ಶನಿವಾರ ಬೆಳಿಗ್ಗೆ ಪಾಪ್‌ಕಾರ್ನ್ ಮಾಡಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಬಟ್ಟಲು ತೋರಿಸಿದ ಕೂಡಲೇ ಅವಳ ಮುಖ ಸಣ್ಣಗಾಯಿತು. "ಸಾಹೇಬ್ರ ಪಿಕ್ಚರ್ ಹಾಕೇ" ಎಂದಳು. ಫೋನನ್ನು ಟಿವಿ ಕಡೆ ತಿರುಗಿಸಿ ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿದೆ, ಸದ್ದು ತಗ್ಗಿಸಿದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ನನಗೆ ಅವರಂತೆ ಹೇಳಲು ಬರುವುದಿಲ್ಲ. ಇನ್ಸ್‌ಪೆಕ್ಟರ್ ಬಾಯಲ್ಲಿ "ಸಮಾಚಾರ" ಎಂದು ಮಾತ್ರ ಅವರ ಹಾಗೇ ಹೇಳಿಸಿದೆ.

ಅಣ್ಣ ಫೋನ್ ಎತ್ತಿದಾಗ ನಾನು ಹೇಳುವ ಮೊದಲೇ ಮೈಸೂರಿನಿಂದ ಅಮ್ಮ, "ಪೊಲೀಸಿಗೆ. ತಮ್ಮನಿಗೆ ಎಚ್ಚರ ಇದೆ" ಎಂದಳು.

ನಾನು ತೆರೆಯನ್ನು ನೋಡಿದೆ. ತಮ್ಮನ ಬಾಯಿ ಅರ್ಧ ತೆರೆದಿತ್ತು, ಕತ್ತು ಒಂದು ಕಡೆ ವಾಲಿತ್ತು. ಅಷ್ಟು ಗಾಢವಾಗಿ ಅವನು ನಿದ್ದೆ ಮಾಡುತ್ತಿದ್ದ.

"ಹೌದಮ್ಮ," ಎಂದೆ, "ಎಚ್ಚರ ಇದೆ."

ಬಾಗಿಲಲ್ಲಿ ನಿಂತು ಅವನು ತನ್ನ ಮಾತು ಹೇಳಿದ. "ಏನಂದ?" ಎಂದಳು ಅಮ್ಮ, ಮರೆತಿದ್ದಳೋ, ಇಲ್ಲ ಮತ್ತೆ ಕೇಳಬೇಕೆನಿಸಿತೋ. ಹೊರಗೆ ಚಳಿ, ಕೋಟು ಕೊಟ್ಟಿದ್ದು ಒಳ್ಳೇದಾಯ್ತು ಅಂದ ಎಂದು ಹೇಳಿದೆ. ಹೇಳಿ, ಅವತ್ತಿನ ನೆನಪಿನಲ್ಲಿ, ಹೌದು ಎಂದು ತಲೆಯಾಡಿಸುವವರಿಗಾಗಿ ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.